ಹುಲುಗೇಶಸ್ವಾಮಿ ಸುಳ್ಳು ಹೇಳುವುದಿಲ್ಲ

ಚನ್ನಬಸವರಾಜನ ಗ್ರಹಚಾರ ಆ ದಿನ ಅವನ ಮನೆಯ ಗೇಟಿನ ಮುಂದೆ, ಊಟದ ತಟ್ಟೆಯಷ್ಟು ಅಗಲಕ್ಕೆ, ಒದ್ದೆಯಾಗಿ ಬಿದ್ದಿತ್ತು.

ಬೇರೆ ವರ್ಷವಾಗಿದ್ದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಡಿಸೆಂಬರ್ ತಿಂಗಳ ಬೆಳಿಗ್ಗೆ ಆರು ಗಂಟೆಗೆ ಗಾಂಧಿನಗರದ ಆ ಓಣಿಯಲ್ಲಿ ನಾಯಿಗಳು ಕೂಡ ಮುದುಡಿಕೊಂಡು ಮಲಗಿರುತ್ತಿದ್ದವು. ಮನುಷ್ಯರಂತೂ ಎಂಟರವರೆಗೆ ಚಾದರದಿಂದ ಮೂಗು ಹೊರಗೆ ಹಾಕುತ್ತಿರಲಿಲ್ಲ. ಈ ವರ್ಷ ಮಾತ್ರ ಚಳಿ ಬಳ್ಳಾರಿಯ ದಾರಿಯನ್ನೇ ಮರೆತಿತ್ತು. ರಾತ್ರಿಯಿಡೀ ಫ್ಯಾನು ತಿರುಗುತ್ತಿತ್ತು. ಐದೂವರೆಗೇ ಓಣಿಗೆ ಓಣಿಯೇ ಎದ್ದು, ಕಟ್ಟೆಗಳ ಮೇಲೆ ಕುಳಿತು ಹಲ್ಲುಜ್ಜುತ್ತ ಒಬ್ಬರ ಮನೆಯನ್ನು ಇನ್ನೊಬ್ಬರು ನೋಡುತ್ತಿತ್ತು. ಮಂಜು ಬಿದ್ದು ಒದ್ದೆಯಾಗಿದೆ ಎಂದು ಹೇಳೋಣವೆಂದರೆ ಮಂಜೂ ಇರಲಿಲ್ಲ.

ಮೇಲಾಗಿ ನಲ್ಲಿಗೆ ನೀರು ಬಂದು ಒಂಬತ್ತು ದಿನವಾಗಿತ್ತು. ಓಣಿಯ ಮಣ್ಣೆಲ್ಲ ಒಣಗಿ ಹಿಟ್ಟಿನಂತಾಗಿತ್ತು. ಅಂಥ ಓಣಿಯಲ್ಲಿ ಒಬ್ಬನ ಗೇಟಿನ ಮುಂದೆ ಮಾತ್ರ ನೆಲ ಹಸಿಯಾಗಿದ್ದರೆ ಜನ ಏನು ತಿಳಿದಾರು? ಅದೂ ಸರಿಯಾಗಿ ಆ ಜಾಗದಲ್ಲಿ!

ಆ ಜಾಗದ ಗುಟ್ಟು ಓಣಿಯಲ್ಲಿ ಚನ್ನಬಸವರಾಜನಿಗೊಬ್ಬನಿಗೇ ಗೊತ್ತಿತ್ತು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ, ಮೂರನೇ ಮನೆಯ ವಿಜಯಕುಮಾರ ಮೇಷ್ಟ್ರ ಮಗಳ ಮದುವೆಗೆಂದು ಇಡೀ ಓಣಿ ಬಸ್ಸು ಮಾಡಿಕೊಂಡು ಸಿರುಗುಪ್ಪಕ್ಕೆ ಹೋಗಿತ್ತು. ಚನ್ನಬಸವರಾಜ ಮಾತ್ರ ಹೊಟ್ಟೆನೋವೆಂದು ಹೆಂಡತಿ ಸುನಂದಾಳನ್ನೊಬ್ಬಳನ್ನೇ ಕಳಿಸಿ ಮನೆಯಲ್ಲುಳಿದ. ಬಸ್ಸು ತಿರುವು ದಾಟಿದ್ದೇ ತಡ, ಓಣಿಯವರಿಗೆಲ್ಲ ನಲ್ಲಿ ಕೆಲಸ ಮಾಡಿಕೊಡುವ ಹುಲುಗೇಶ ಎಂಬ ಪ್ಲಂಬರನನ್ನು ಕುರುಗೋಡಿನಿಂದ ಕರೆಸಿ, ಗೇಟಿನ ಮುಂದೆ ಅಗೆಸಿ, ಓಣಿಯ ಮೇನ್ ಪೈಪಿನಿಂದ ತನ್ನ ಸಂಪಿಗೆ ಎರಡನೆಯದೊಂದು ಕಳ್ಳ ಪೈಪು ಹಾಕಿಸಿದ. ಅಂದಿನಿಂದ ಸಂಪಿಗೆ ನೀರು ಬಿದ್ದಾಗಲೆಲ್ಲ ಅವನಿಗೆ ಅರ್ಧ ಸಂತೋಷ, ಅರ್ಧ ಎದೆಬಡಿತ.

ಇಷ್ಟೇ ಆಗಿದ್ದರೆ ಹೇಗೋ ಸಂಭಾಳಿಸುತ್ತಿದ್ದ. ಆದರೆ ಕಳೆದ ಭಾನುವಾರವಷ್ಟೇ ಓಣಿಯವರು ನೀರುಗಳ್ಳರನ್ನು ಹಿಡಿಯಲೆಂದು ಒಂದು ಸಮಿತಿ ಮಾಡಿದ್ದರು. ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸೂಪರ್‌ವೈಸರ್ ಆಗಿದ್ದು ಒಂದು ಗುಂಡಿಯನ್ನೂ ಮನೆಗೆ ತಾರದ ಮನುಷ್ಯ ಎಂದು ಚನ್ನಬಸವರಾಜನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದರು. ಅವನಿಗೆ ಇದ್ದ ಆಸ್ತಿಯೆಂದರೆ ಆ ಹೆಸರೊಂದೇ.

ಅವನು ಒಳಗೆ ಓಡಿ ಎರಡು ಕೊಡ ನೀರು ತಂದು, ಒದ್ದೆ ಕಾಣದಂತೆ ಗೇಟಿನ ಮುಂದೆಲ್ಲ ಚಿಮುಕಿಸಿದ. ಎರಡು ಮನೆ ಆಚೆಯ ಗಂಗಕ್ಕನ ಕೈಯಲ್ಲಿನ ಬ್ರಷ್ಷು ಬಾಯಲ್ಲೇ ನಿಂತಿತು.

“ಏನಪಾ ಚನ್ನಬಸಣ್ಣ, ಸುನಂದಾಗ ಆರಾಮಿಲ್ಲೇನು? ನೀನ ಥಳಿ ಹೊಡಿಯಾಕ ಹತ್ತೀಯಲ್ಲ?”

“ಆರಾಮ ಅದಾಳವ್ವಾ. ನಂಗ ಸುಮ್ಮನ ಮನಸ್ಸಾತು.”

“ಮನಸ್ಸಾತಂತ ಎರಡು ಕೊಡ ಚೆಲ್ಲತೀಯಾ? ನಮ್ಮನ್ಯಾಗ ಮುಖ ತೊಳಿಯಾಕ ನೀರಿಲ್ಲ. ಅಧ್ಯಕ್ಷರ ಮನ್ಯಾಗ ಹೆಂಗ ಉಳದಾವಪಾ?”

ಚನ್ನಬಸವರಾಜ ಹಲ್ಲು ಕಿರಿದು ಒಳಗೆ ಹೋದ. ಬಚ್ಚಲಲ್ಲಿ ನಿಂತು ಹುಲುಗೇಶನಿಗೆ ಫೋನು ಹಚ್ಚಿದ. ಮಧ್ಯಾಹ್ನ ನೀರು ಬಿಡುವ ದಿನ. ಅಷ್ಟರೊಳಗೆ ಸೋರುವುದು ನಿಲ್ಲಬೇಕಿತ್ತು.

ಕುರುಗೋಡಿನ ಬಸ್ಸಿಗೆ ಹುಲುಗೇಶ ಬಂದಿಳಿದ. ಅವನನ್ನು ನೋಡಿ ಚನ್ನಬಸವರಾಜನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಕಪ್ಪು ಲುಂಗಿ, ಕಪ್ಪು ಅಂಗಿ, ಕೊರಳಲ್ಲಿ ಅಯ್ಯಪ್ಪನ ಮಾಲೆ, ಹಣೆಗೆ ವಿಭೂತಿ ಗಂಧ, ಕಾಲು ಬರಿಗಾಲು. ಪಾನಾ, ಹ್ಯಾಕ್ಸಾ ತುಂಬಿದ ಚೀಲವನ್ನು ಇರುಮುಡಿಯ ಹಾಗೆ ತಲೆಯ ಮೇಲೆ ಹೊತ್ತಿದ್ದ.

“ಬಾರಲೇ ಹುಲು...” ಎಂದವನು ನಾಲಿಗೆ ಕಚ್ಚಿಕೊಂಡ. ಮಾಲೆ ಹಾಕಿದವರನ್ನು ಲೇ ಎನ್ನುವ ಹಾಗಿಲ್ಲ. “ಬರ್ರಿ ಸ್ವಾಮಿ. ಏನಿದು, ಯಾವಾಗಿಂದ?”

“ಸ್ವಾಮಿ ಶರಣಂ. ನಸುಕಿನ್ಯಾಗ ತಣ್ಣೀರು ಜಳಕ ಮಾಡಬೇಕಲ್ಲ, ಅದಕ್ಕಂಜಿ ಇಷ್ಟು ವರ್ಷ ಮಾಲಿ ಹಾಕಿರಲಿಲ್ಲ. ಈ ಸಲ ಚಳೀನ ಇಲ್ಲ ನೋಡ್ರಿ, ಧೈರ್ಯ ಮಾಡಿದೆ.”

ಆ ಹಾಳು ಚಳಿ ಬಂದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದು ಚನ್ನಬಸವರಾಜ ಮನಸ್ಸಿನಲ್ಲೇ ಶಪಿಸಿದ. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ಇಲ್ಲಿ ಕೇಳ್ರಿ. ಯಾರರ ಕೇಳಿದ್ರ, ಹಳೇ ಡ್ರೈನೇಜ್ ಪೈಪ್ ಒಡದೈತಿ ಅಂತ ಹೇಳಿಬಿಡ್ರಿ.”

“ಸುಳ್ಳು ಹೇಳಂಗಿಲ್ಲ ಸ್ವಾಮಿ. ಮಾಲಿ ಹಾಕೀನಲ್ಲ.”

“ಹಂಗಾರ ಏನೂ ಹೇಳಬ್ಯಾಡ್ರಿ. ಮೌನವ್ರತ ಅನ್ರಿ.”

“ಮೌನ ಅಂತ ಬಾಯಿಬಿಟ್ಟು ಹೇಳಿದ್ರ ಅದೂ ಸುಳ್ಳಾಗತೈತಲ್ಲ ಸ್ವಾಮಿ?”

ಹುಲುಗೇಶ ಗೇಟಿನ ಮುಂದೆ ಅಗೆಯತೊಡಗಿದ. ಮೂರು ಸಲ ಹಾರೆ ಹಾಕುವುದರೊಳಗೆ ಗಂಗಕ್ಕ ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಸ್ವಾಮಿಯ ಪಾದ ಮುಟ್ಟಲು ಬಂದೇ ಬಿಟ್ಟಳು.

“ಸ್ವಾಮಿ ಮೌನ ಅದಾರವ್ವಾ, ಮಾತಾಡ್ಸಬ್ಯಾಡ,” ಎಂದು ಚನ್ನಬಸವರಾಜ ಅಡ್ಡ ಹಾಯ್ದ.

“ಇಲ್ಲ ಮಾತಾ, ಮಾತಾಡ್ತೀನಿ,” ಎಂದ ಹುಲುಗೇಶ.

ಗಂಗಕ್ಕ ಚನ್ನಬಸವರಾಜನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಸ್ವಾಮಿಯ ಕಡೆ ತಿರುಗಿದಳು. “ಹೋದ ವರ್ಷ ನಮ್ಮ ಬಚ್ಚಲಕ್ಕ ಹೊಸ ನಲ್ಲಿ ಹಾಕಿದ್ರಲ್ಲ ಸ್ವಾಮಿ, ಅದು ತಿರುಗಿಸಿದಾಗೆಲ್ಲ ಗೊರಗೊರ ಅಂತೈತಿ. ಯಾಕ?”

“ಅದು ಹೊಸಾದಲ್ಲ ಮಾತಾ. ಮೇಷ್ಟ್ರ ಮನ್ಯಾಗ ಕೆಟ್ಟೈತಿ ಅಂತ ತೆಗದಿದ್ನಲ್ಲ, ಅದನ್ನ ಹುಣಸಿಹಣ್ಣು ಹಚ್ಚಿ ತಿಕ್ಕಿ ನಿಮಗ ಹಾಕಿದೆ. ತಪ್ಪಾಗೇತಿ.”

ಬೇರೆ ದಿನವಾಗಿದ್ದರೆ ಗಂಗಕ್ಕ ಅವನ ಏಳು ತಲೆಮಾರಿನ ಜಾತಕ ಬಿಚ್ಚುತ್ತಿದ್ದಳು. ಮಾಲೆ ಹಾಕಿದವನನ್ನು ಬೈಯುವುದೆಂತು? ಹಲ್ಲು ಕಡಿಯುತ್ತಲೇ ಪಾದ ಮುಟ್ಟಿದಳು. ಹೋಗುವಾಗ ಮಾತ್ರ, ಇಟ್ಟ ನಾಲ್ಕು ಬಾಳೆಹಣ್ಣಿನಲ್ಲಿ ಎರಡನ್ನು ವಾಪಸು ತೆಗೆದುಕೊಂಡಳು.

ಸುಳ್ಳು ಹೇಳದ ಪ್ಲಂಬರ್ ಒಬ್ಬ ಓಣಿಗೆ ಬಂದಿದ್ದಾನೆಂಬ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಜನ ಪಾಳಿ ಹಚ್ಚಿ ನಿಂತರು. ಸುಟ್ಟಿದೆಯೆಂದು ಬದಲಿಸಿದ ಮೋಟರು ಸುಟ್ಟಿರಲೇ ಇಲ್ಲ, ಬರೀ ವೈರು ಕಳಚಿತ್ತೆಂದು ಒಬ್ಬರಿಗೆ ತಿಳಿಯಿತು. ಟ್ಯಾಂಕು ತೊಳೆಯುತ್ತೇನೆಂದು ಮೇಲೆ ಹತ್ತಿದವನು ಅದರ ನೆರಳಲ್ಲಿ ಮಲಗಿ ಎದ್ದು ಬಂದಿದ್ದನೆಂದು ಇನ್ನೊಬ್ಬರಿಗೆ ತಿಳಿಯಿತು. ಎಲ್ಲರೂ ಉರಿಯುವ ಮುಖದಲ್ಲೇ ಪಾದ ಮುಟ್ಟಿ ಪಕ್ಕಕ್ಕೆ ಸರಿದರು. ಪ್ರಶ್ನೆಗಳೆಲ್ಲ ಇನ್ನೂ ಅವರವರ ಬಚ್ಚಲಲ್ಲೇ ಸುತ್ತುತ್ತಿದ್ದವು. ಯಾವಾಗ ಈ ಗೇಟಿಗೆ ಬಂದಾವೋ ಎಂದು ಚನ್ನಬಸವರಾಜ ಒಳಗೂ ಹೊರಗೂ ಓಡಾಡಿದ.

ಅವನಿಗೆ ಒಂದು ಉಪಾಯ ಹೊಳೆಯಿತು. ಯಾರ ಮಾತೂ ಯಾರಿಗೂ ಕೇಳಿಸಬಾರದೆಂದು ಮೊಬೈಲಿನಲ್ಲಿ ಅಯ್ಯಪ್ಪನ ಭಜನೆ ಹಚ್ಚಿ, ಸ್ಪೀಕರಿಗೆ ಜೋಡಿಸಿ, ಕಟ್ಟೆಯ ಮೇಲಿಟ್ಟ. ಪರಿಣಾಮ ಏನಾಯಿತೆಂದರೆ, ಅಧ್ಯಕ್ಷರ ಮನೆಯಲ್ಲಿ ಪೂಜೆಯಿದೆಯೆಂದು ಆಚೆ ಓಣಿಯವರೂ ಬಂದು ನಿಂತರು. ಕಂಠ ಇದ್ದವರು, ಇಲ್ಲದವರು ಎಲ್ಲರೂ ಹಾಡಿಗೆ ದನಿಗೂಡಿಸಿದರು. ಹಾಡು ಮುಗಿದು ಗಪ್ಪಾಯಿತು. ಆ ಗಪ್ಪಿನಲ್ಲೇ ವಿಜಯಕುಮಾರ ಮೇಷ್ಟ್ರು ಮುಂದೆ ಬಂದರು. ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದ ಕಣ್ಣು ಅವು. ನೇರ ಗುಂಡಿಯೊಳಗೆ ಇಳಿದವು.

“ಸ್ವಾಮಿ, ಒಂದ ಮಾತು ಕೇಳ್ತೀನಿ. ಅಧ್ಯಕ್ಷರಂತ ಅಂಜಬ್ಯಾಡ್ರಿ. ಈ ಮನಿಗೆ ಮೇನ್ ಪೈಪಿನಿಂದ ಕಳ್ಳ ಕನೆಕ್ಷನ್ ಐತೇನು?”

ಚನ್ನಬಸವರಾಜ ಮನೆಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತ ಸುನಂದಾಳ ಮುಖ ಕಂಡಿತು. ನಾಳೆಯಿಂದ ಈ ಓಣಿಯಲ್ಲಿ ಹೇಗೆ ತಲೆಯೆತ್ತಿ ನಡೆಯುವುದು?

ಹುಲುಗೇಶ ಮೊಳಕಾಲುದ್ದದ ಗುಂಡಿಯಲ್ಲಿ ನಿಂತು ಹಣೆ ಒರೆಸಿಕೊಂಡ. “ಇಲ್ಲ ಸ್ವಾಮಿ. ಈ ಮನಿಗಿಲ್ಲ. ಈ ಓಣ್ಯಾಗ ಯಾರ ಮನಿಗೂ ಇಲ್ಲ.”

“ಯಾರ ಮನಿಗೂ ಇಲ್ಲಾ?” ಎಂದು ಗಂಗಕ್ಕ ಸಣ್ಣ ದನಿಯಲ್ಲಿ ಕೇಳಿದಳು. ಮೇಷ್ಟ್ರ ಮುಖವೂ ಯಾಕೋ ಇಳಿಯಿತು. ಚನ್ನಬಸವರಾಜನಿಗೆ ಅದನ್ನೆಲ್ಲ ಗಮನಿಸುವ ವ್ಯವಧಾನ ಎಲ್ಲಿತ್ತು? ಜನ ಚದುರಿದ ಕೂಡಲೇ ಗುಂಡಿಯ ಅಂಚಿಗೆ ಕುಕ್ಕರಿಸಿ ಕೈ ಮುಗಿದ.

“ಸ್ವಾಮಿ, ನನ್ನ ಸಲುವಾಗಿ ವ್ರತಾ ಕೆಡಿಸ್ಕೊಂಡು ಸುಳ್ಳು ಹೇಳಿದ್ರಲ್ಲ!”

“ಸುಳ್ಳು ಎಲ್ಲೈತಿ ಸ್ವಾಮಿ? ಅವತ್ತು ಮೇನ್ ಪೈಪ್ ಮುಟ್ಟಾಕ ನಂಗ ಅಂಜಿಕಿ ಬಂತು. ಸಿಕ್ಕರ ಲೈಸೆನ್ಸ್ ಹೋಗತೈತಿ. ಎರಡು ಮೊಳ ಪೈಪ್ ಹೂತು, ತುದಿಗೆ ಮುಚ್ಚಳಾ ಬಡದು, ಮಣ್ಣು ಎಳದು ಹೋದೆ. ನಿಮ್ಮ ಸಂಪಿಗೆ ಬರೋದು ಮೊದಲಿನ ನಲ್ಲಿ ನೀರ.”

“ಮತ್ತ ಈ ಹಸಿ?”

“ಟ್ಯಾಂಕಿನಿಂದ ಅಂಗಳದ ನಲ್ಲಿಗೆ ಹೋಗೋ ಪೈಪಿನ ತಿರುವಿನ ಎಲ್ಬೋ ಸಡ್ಲ ಆಗಿತ್ತು. ಬಿಗಿ ಮಾಡೀನಿ.”

ಮೋಸ ಹೋದದ್ದಕ್ಕೆ ಯಾರಾದರೂ ಇಷ್ಟು ಸಂತೋಷಪಟ್ಟಿದ್ದುಂಟೇ? ಚನ್ನಬಸವರಾಜನ ಕಣ್ಣಲ್ಲಿ ನೀರೇ ಬಂತು. ಎರಡು ವರ್ಷ ತಾನು ಕಳ್ಳನೆಂದು ತಿಳಿದು ನಡುಗಿದ್ದೇ ಬಂತು. ಅವನು ಕದ್ದದ್ದು ಒಂದು ಹನಿಯೂ ಇಲ್ಲ! ಹುಲುಗೇಶನನ್ನು ಗುಂಡಿಯಲ್ಲೇ ಬಿಟ್ಟು ಒಳಗೆ ಹೋಗಿ ಸುನಂದಾಳಿಗೆ ಎಲ್ಲವನ್ನೂ ಹೇಳಿದ.

“ನನ್ನನ್ನ ಮದಿವಿಗೆ ಕಳಿಸಿ ಇಂಥಾ ಹಲ್ಕಟ್ ಕೆಲಸ ಮಾಡಾಕ ಹೋಗಿದ್ರೇನ್ರಿ? ಸ್ವಾಮಿ ಮೋಸಾ ಮಾಡಿದ್ದ ಪುಣ್ಯಾ ಅನ್ರಿ,” ಎಂದು ಅವಳು ಅರ್ಧ ಗಂಟೆ ಬೈದಳು. ಆ ಬೈಗುಳವೂ ಅವನಿಗೆ ಹಿತವಾಗಿತ್ತು. ಎರಡು ಲೋಟ ಚಹಾ ಕುಡಿದ, ಜಳಕ ಮಾಡಿದ, ಇಸ್ತ್ರಿಯ ಅಂಗಿ ತೊಟ್ಟ. ಎದೆ ಹಗುರಾದ ಮನುಷ್ಯನಿಗೆ ಸುಮ್ಮನಿರುವುದು ಕಷ್ಟ. ಹೊರಗೆ ಬಂದು ಕಟ್ಟೆ ಏರಿ ನಿಂತ.

“ಬರ್ರಿ, ಎಲ್ಲಾರೂ ಬರ್ರಿ! ಮೇಷ್ಟ್ರೇ, ನೀವೂ ಬರ್ರಿ. ಗುಂಡಿ ತೆರದೈತಿ, ಕಣ್ಣಾರೆ ನೋಡ್ರಿ. ನಮ್ಮನಿಗೆ ಕಳ್ಳ ಕನೆಕ್ಷನ್ ಇದ್ದರ, ಅಧ್ಯಕ್ಷಗಿರಿ ಅಷ್ಟ ಅಲ್ಲ, ಈ ಓಣೀನ ಬಿಟ್ಟು ಹೋಗ್ತೀನಿ!”

ಜನ ಮತ್ತೆ ಕೂಡಿದರು. ಎಲ್ಲರೂ ಬಗ್ಗಿ ನೋಡಿದರು. ಅದೇ ಹೊತ್ತಿಗೆ ನೀರು ಬಿಟ್ಟರೆಂದು ಕಾಣುತ್ತದೆ, ಮೇನ್ ಪೈಪು ಮೊದಲು ಸುಯ್ಯೆಂದಿತು. ಆಮೇಲೆ ಅದಕ್ಕೆ ಅಂಟಿಕೊಂಡಿದ್ದ ಹೊಚ್ಚ ಹೊಸ ಪೈಪೊಂದು ಗಡಗಡ ನಡುಗಿ, ಚನ್ನಬಸವರಾಜನ ಸಂಪಿಗೆ ಧೋ ಎಂದು ನೀರು ಸುರಿಯತೊಡಗಿತು.

ಹುಲುಗೇಶ ಕೈತೊಳೆದುಕೊಂಡು ಗುಂಡಿಯಿಂದ ಮೇಲೆ ಬಂದ. ಮುಖದಲ್ಲಿ ಬಹಳ ಶಾಂತಿ ಇತ್ತು. “ಕೆಲಸ ಮುಗೀತು ಸ್ವಾಮಿ.”

“ಯಾ... ಯಾವ ಕೆಲಸಾ?”

“ಎರಡು ವರ್ಷದ ಹಿಂದಿಂದು. ಕೂಲಿ ತೊಗೊಂಡು ಕೆಲಸ ಮಾಡದ ಹದಿನೆಂಟು ಮೆಟ್ಟಲಾ ಹೆಂಗ ಹತ್ತಲಿ? ಅವತ್ತು ಅಂಜಿಕಿ ಇತ್ತು. ಇವತ್ತು ಅಯ್ಯಪ್ಪ ಜೋಡಿ ಅದಾನ. ಜೋಡಿಸಿಬಿಟ್ಟೆ.”

“ಲೇ ಹುಲುಗ್ಯಾ! ಅದು ಕಳ್ಳತನಲೇ!”

“ಕಳ್ಳತನ ನಿಮ್ದು ಸ್ವಾಮಿ. ಕೆಲಸ ಅಷ್ಟ ನಂದು.”

ಚನ್ನಬಸವರಾಜ ಕಟ್ಟೆಯ ಮೇಲಿಂದ ಇಳಿಯಲೂ ಆಗದೆ ನಿಂತ. ತೀರ್ಪು ಬರಬೇಕಾದದ್ದು ಮೇಷ್ಟ್ರ ಬಾಯಿಂದ. ಮೇಷ್ಟ್ರು ಗುಂಡಿಯ ಅಂಚಿಗೆ ಬಂದು ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ ಹೋಂವರ್ಕ್ ಮಾಡಿರದ ಹುಡುಗನ ದನಿಯಲ್ಲಿ ಕೇಳಿದರು.

“ಸ್ವಾಮಿ, ಹಂಗಾರ... ಮೂರು ವರ್ಷದ ಹಿಂದ ನಮ್ಮನಿ ಮುಂದ ಹಾಕಿದ್ರಲ್ಲ, ಅದು?”

“ಅದೂ ಬರೇ ಮುಚ್ಚಳಾ ಸ್ವಾಮಿ. ಮುಂದಿನ ಪಾಳಿ ನಿಮ್ದ.”

“ಮತ್ತ ನಂದು?” ಎಂದಳು ಗಂಗಕ್ಕ, ಸೆರಗು ಬಾಯಿಗೆ ಅಡ್ಡ ಹಿಡಿದು.

“ನಿಮ್ದು ನಾಳೆ ಮಾತಾ.”

ಆಮೇಲೆ ಒಬ್ಬೊಬ್ಬರೇ ಕೆಮ್ಮಿ, ತಲೆ ಕೆರೆದು, ನಮ್ಮದು ಯಾವತ್ತು ಎಂದು ಕೇಳತೊಡಗಿದರು. ಹನ್ನೊಂದು ಮನೆಗೆ ಹನ್ನೊಂದೂ! ಚನ್ನಬಸವರಾಜ ಕಟ್ಟೆಯಿಂದ ಹಾರಿ ಇಳಿದು ಮೇಷ್ಟ್ರನ್ನು ತಬ್ಬಿಕೊಂಡ. ಅವನಿಗೆ ಓಣಿಯ ಜನ ಅಷ್ಟು ಆಪ್ತರಾಗಿ ಕಂಡದ್ದು ಅದೇ ಮೊದಲು. ಯಾರೂ ಓಣಿ ಬಿಡಬೇಕಾಗಿರಲಿಲ್ಲ. ಬಿಡುವುದೇ ಆದರೆ ಎಲ್ಲರೂ ಒಂದೇ ಬಸ್ಸಿನಲ್ಲಿ ಬಿಡಬೇಕಾಗುತ್ತಿತ್ತು.

ನಾಲ್ಕು ದಿನದಲ್ಲಿ ಹುಲುಗೇಶಸ್ವಾಮಿ ಎಲ್ಲ ಮನೆಗಳ ಬಾಕಿ ಕೆಲಸ ಮುಗಿಸಿ, ಹಗುರಾದ ಮನಸ್ಸಿನಿಂದ ಮಲೆಗೆ ಹೊರಟ. ಮುಂದಿನ ಸಲ ನೀರು ಬಿಟ್ಟಾಗ ಹನ್ನೊಂದು ಕಳ್ಳ ಪೈಪುಗಳೂ ಒಟ್ಟಿಗೆ ಬಾಯಿ ತೆರೆದವು. ಮುಂದಿನ ಮನೆಗಳು ಕುಡಿದು ಮಿಕ್ಕಿದ್ದು ಓಣಿಯ ಕೊನೆಯ ಮನೆಗೆ, ಅಂದರೆ ಚನ್ನಬಸವರಾಜನ ಮನೆಗೆ, ಬರಬೇಕಲ್ಲ? ಮೊದಲು ಅರ್ಧ ತುಂಬುತ್ತಿದ್ದ ಸಂಪಿಗೆ ಎರಡು ಬಕೆಟ್ ಬಿತ್ತು.

ಸಂಜೆ ಸಮಿತಿಯ ಸಭೆ ಸೇರಿತು. ಓಣಿಗೆ ನೀರು ಸಾಲುತ್ತಿಲ್ಲ, ಯಾರೋ ಎಲ್ಲೋ ಕದಿಯುತ್ತಿರಬೇಕು, ದಯವಿಟ್ಟು ವಿಚಾರಿಸಬೇಕು ಎಂದು ನೀರಿನ ಆಫೀಸಿಗೆ ಅರ್ಜಿ ಕೊಡಲು ಒಮ್ಮತದಿಂದ ತೀರ್ಮಾನವಾಯಿತು. ಕೆಳಗೆ ಸಹಿ ಅಧ್ಯಕ್ಷರದು.

ಆ ರಾತ್ರಿ ಚನ್ನಬಸವರಾಜ ಎರಡು ವರ್ಷದಲ್ಲಿ ಮೊದಲ ಸಲ ಎದೆ ಬಡಿತವಿಲ್ಲದೆ ಸೊಗಸಾಗಿ ನಿದ್ದೆ ಮಾಡಿದ. ಬೆಳಿಗ್ಗೆ ಜಳಕಕ್ಕೆ ಮಾತ್ರ ಗಂಗಕ್ಕನ ಮನೆಯಿಂದ ಒಂದು ಕೊಡ ನೀರು ಕಡ ತರಬೇಕಾಯಿತು.