ಕರ್ನಲ್ ಸಾಹೇಬರ ತೋಟದ ವೀರಗಲ್ಲೂ ನಮ್ಮತ್ತೆಯ ಎಣ್ಣೆಯೂ

ಆಲ್ಮೆರೆ, ನೆದರ್‌ಲೆಂಡ್ಸ್

ಹಳೆಯ ಕಲ್ಲುಗಳ ಪಾಲಕರೂ ಹಳೆಯ ಮನೆತನಗಳ ಪೋಷಕರೂ ಆದ, ಇಂಗ್ಲೆಂಡಿನ ಹಳ್ಳಿಗಾಡಿನ ಕೌಂಟಿಯೊಂದರ ಪುರಾತನ ವಸ್ತು ಹಾಗೂ ವಂಶಚರಿತ್ರೆ ಸಂಘದ ಮಾನ್ಯ ಅಧ್ಯಕ್ಷರೇ,

ತಮಗೂ, ತಮ್ಮ ಕಾರ್ಯಕಾರಿ ಸಮಿತಿಗೂ, ಅಂದು ನಮಗೆ ಚಹಾ ಕೊಟ್ಟ ಮಹನೀಯರಿಗೂ ಸಮುದ್ರದ ಈಚೆ ದಡದಿಂದ ಸಾಷ್ಟಾಂಗ ವಂದನೆಗಳು. ನನ್ನ ಅತ್ತೆ ಕಾಶಮ್ಮನವರು ತಮ್ಮ ವಸ್ತುಸಂಗ್ರಹಾಲಯದ ತೋಟದಲ್ಲಿರುವ ‘ಕರ್ನಲ್ ಸಾಹೇಬರ ಬೇಟೆಯ ಕಲ್ಲಿ’ಗೆ ಎಣ್ಣೆ ಮತ್ತು ಕೆಂಪು ಪುಡಿ ಬಳಿದು ಹಾನಿ ಮಾಡಿದ್ದಾರೆಂದೂ, ಅವರು ಕ್ಷಮೆ ಕೇಳದಿದ್ದರೆ ಕಲ್ಲನ್ನು ಶಾಶ್ವತವಾಗಿ ಗೋದಾಮಿಗೆ ಸಾಗಿಸಲಾಗುವುದೆಂದೂ ತಿಳಿಸುವ ತಮ್ಮ ಪತ್ರ ಕೈಸೇರಿತು. ಅದನ್ನೇ ತಾವು ಸಂಘದ ಜಾಲತಾಣದಲ್ಲೂ ಹಾಕಿರುವುದರಿಂದ ನಾನೂ ಊರಿಗೆಲ್ಲ ಕೇಳುವಂತೆಯೇ ಉತ್ತರಿಸುತ್ತಿದ್ದೇನೆ.

ಮೊದಲಿಗೆ ನಮ್ಮತ್ತೆಯ ಪರಿಸ್ಥಿತಿಯನ್ನು ತಾವು ಅರ್ಥಮಾಡಿಕೊಳ್ಳಬೇಕು. ಹಾವೇರಿ ಕಡೆಯ ಅವರ ಊರಿನಲ್ಲಿ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ಅಮಾವಾಸ್ಯೆ ಬಂತೆಂದರೆ ಹೆಣ್ಣುಮಕ್ಕಳು ಅದಕ್ಕೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಕಾಯಿ ಒಡೆಯದೆ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ. ಅಂಥವರನ್ನು ನಾನೂ ನನ್ನ ಗಂಡ ಶ್ರೀಕರನೂ ಆಲ್ಮೆರೆಗೆ ಕರೆತಂದೆವು. ಸಮುದ್ರ ಬಸಿದು ಮಾಡಿದ ಈ ಊರಿನಲ್ಲಿ ನೆಲಕ್ಕೇ ನಮ್ಮತ್ತೆಗಿಂತ ವಯಸ್ಸು ಕಡಿಮೆ. ಕೈಮುಗಿಯಲು ಒಂದು ಹಳೆಯ ಕಲ್ಲಿಗಾಗಿ ಅವರು ಸೈಕಲ್ ದಾರಿಗಳಲ್ಲೆಲ್ಲ ಹುಡುಕಿ ಸೋತರು. ಒಮ್ಮೆ ಸ್ಟೇಷನ್ನಿನ ಎದುರು ಒಂದು ಕರಿಗಲ್ಲು ಕಂಡು ಹಿಗ್ಗಿದರಾದರೂ ಅದು ಕಾರು ನುಗ್ಗದಂತೆ ಇಟ್ಟ ತಡೆಯಾಗಿತ್ತು. ಹಳೆಯದನ್ನು ನೋಡಬೇಕೆಂದರೆ ಇಂಗ್ಲೆಂಡಿಗೇ ಹೋಗಬೇಕು ಎಂದು ಬೇರೆ ವೀಸಾ ಮಾಡಿಸಿ, ಹಡಗು ಹತ್ತಿಸಿ, ಎಲ್ಲರಿಗೂ ಬಾಗಿಲು ತೆರೆಯುವ ತಮ್ಮ ವಾರ್ಷಿಕ ಮುಕ್ತ ದಿನಕ್ಕೆ ಕರೆತಂದ ತಪ್ಪು ನನ್ನದೇ.

ತಮ್ಮ ಸಂಘದ ಕೆಲಸವನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ತಮ್ಮ ವಸ್ತುಸಂಗ್ರಹಾಲಯವಿರುವ ಬಂಗಲೆಯ ಹಿಂದಿನ ಒಡೆಯರಾದ ಕರ್ನಲ್ ಸಾಹೇಬರ ಮುತ್ತಜ್ಜನ ತಂಗಿಯ ಎರಡನೆಯ ಗಂಡ ಕೈಗವಸು ಮಾರುತ್ತಿದ್ದನೆಂಬುದನ್ನೂ ತಾವು ಪತ್ತೆಹಚ್ಚಿದ್ದೀರಿ. ಅವರ ನಾಯಿಗಳಿಗೂ ಹೆಸರು ಕೊರೆದ ಸಮಾಧಿಗಳಿವೆ. ಅವುಗಳಲ್ಲೊಂದರ ಮುಂದೆ ಹೂವು ಕೂಡ ಇತ್ತು. ಅದೇ ತೋಟದ ಮೂಲೆಯಲ್ಲಿ, ಕರ್ನಲ್ ಸಾಹೇಬರು ‘ಭಾರತದಿಂದ ತಂದ’ ವೀರಗಲ್ಲು ನಿಂತಿತ್ತು. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನ ಕಲ್ಲು ಅದು: ಕೆಳಗೆ ದನಗಳು ಮತ್ತು ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ತಮ್ಮ ಫಲಕದಲ್ಲಿ ಅವನು ಬೇಟೆಗಾರ, ದನಗಳು ಜಿಂಕೆಗಳು, ಅಪ್ಸರೆಯರು ಸೇವಕಿಯರು. ಅವನ ತಲೆಯ ಮೇಲೆ ಜೆರೇನಿಯಂ ಹೂವಿನ ಕುಂಡ.

ಅದನ್ನು ಕಂಡ ನಮ್ಮತ್ತೆ ಹೇಳಿದ್ದು ಇಷ್ಟೇ: “ಯಾರ ಮನಿ ಮಗಾನೋ ಪಾಪ, ತಲಿಗೆ ಒಂದ್ ಹನಿ ಎಣ್ಣಿ ಬಿದ್ದು ಎಷ್ಟ್ ವರ್ಷಾ ಆತೋ.” ಅವನು ‘ನಮ್ಮವನು’ ಎಂದು ಅವರು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಕುಂಡವನ್ನು ಜೋಪಾನವಾಗಿ ಕೆಳಗಿಳಿಸಿ, ಸೆರಗಿನಿಂದ ಕಲ್ಲೊರೆಸಿ, ಕೈಚೀಲದಲ್ಲಿದ್ದ ಕೊಬ್ಬರಿ ಎಣ್ಣೆ ಹಚ್ಚಿ, ಕುಂಕುಮವಿಟ್ಟರು. ಅದೇ ಚೀಲದಲ್ಲಿದ್ದ ಕಾಯಿ ಒಡೆಯಲು ಹತ್ತಿರದಲ್ಲಿದ್ದ ಕಲ್ಲಿನ ಮೆಟ್ಟಿಲನ್ನು ಬಳಸಿದ್ದು ನಿಜ. ಅದು ಕರ್ನಲ್ ಸಾಹೇಬರು ಕುದುರೆ ಹತ್ತುತ್ತಿದ್ದ ಚಾರಿತ್ರಿಕ ಮೆಟ್ಟಿಲೆಂದು ಅವರಿಗೆ ಗೊತ್ತಿರಲಿಲ್ಲ. ನೆರೆದವರಿಗೆಲ್ಲ ಚೂರು ಹಂಚಿದಾಗ ಮಾನ್ಯ ಅಧ್ಯಕ್ಷರಾದ ತಾವೇ ಇನ್ನೊಂದು ಚೂರು ಕೇಳಿ ಪಡೆದದ್ದನ್ನು ದೂರಿನಲ್ಲಿ ಸೇರಿಸಲು ಮರೆತಿದ್ದೀರಿ. ಸಂಕೋಚ ಬೇಡ, ಪ್ರಸಾದ ತಿಂದವರೂ ಪೂಜೆಯಲ್ಲಿ ಪಾಲುದಾರರೇ.

ಎಣ್ಣೆಯಿಂದ ಕಲ್ಲಿಗೆ ಅಪಾಯವೆಂದಿದ್ದೀರಿ. ಇಷ್ಟು ಕಾಲ ನಿಮ್ಮ ಮಳೆಯನ್ನೂ ಕುಂಡದ ನೀರನ್ನೂ ತಲೆಯ ಮೇಲೆ ಸುರಿಸಿಕೊಂಡು ನಿಂತವನ ಆರೋಗ್ಯದ ಬಗ್ಗೆ ತಮಗೆ ಈಗಲಾದರೂ ಕಾಳಜಿ ಹುಟ್ಟಿದ್ದು ಸಂತೋಷ. ಕ್ಷಮಾಪಣೆಗೂ ನಾವು ಸಿದ್ಧ, ಆದರೆ ನನ್ನ ವಿನಮ್ರ ಬಿನ್ನಹಗಳನ್ನೂ ಸಮಿತಿ ಪರಿಶೀಲಿಸಬೇಕು. ಕೈಗವಸು ಮಾರುವವನನ್ನು ಹುಡುಕಿದ ತಮ್ಮ ಪಂಡಿತರು ಈ ವೀರನ ತಾಯಿಯ ಹೆಸರನ್ನೂ ಹುಡುಕಿಕೊಡಲಿ. ಅದು ಸಿಗುವವರೆಗೆ ಪ್ರತಿ ಅಮಾವಾಸ್ಯೆಗೆ ಸಮಿತಿಯ ಒಬ್ಬೊಬ್ಬ ಸದಸ್ಯರು ಸರದಿಯಂತೆ ಸ್ನಾನ ಮಾಡಿ ಬಂದು ಅವನನ್ನು ಮಾತಾಡಿಸಲಿ. ಮಂತ್ರ ಬೇಡ, ಹವಾಮಾನದ ಮಾತಾದರೂ ಸಾಕು. ಅವನ ದನಗಳನ್ನು ಜಿಂಕೆ ಎಂದದ್ದಕ್ಕೆ ದನಗಳ ಕ್ಷಮೆ ಕೇಳುವುದನ್ನು ತಮ್ಮ ದೊಡ್ಡ ಮನಸ್ಸಿಗೇ ಬಿಡುತ್ತೇನೆ.

ಇಷ್ಟೂ ತಮಾಷೆಯೆಂದು ತಾವು ಬದಿಗಿಟ್ಟರೂ ಒಂದನ್ನು ಮಾತ್ರ ಬದಿಗಿಡಬೇಡಿ. ನಮ್ಮತ್ತೆ ಮುಂದಿನ ತಿಂಗಳು ಊರಿಗೆ ಹೊರಡುತ್ತಾರೆ. ಹೋಗುವ ಮುನ್ನ ಅವನನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಒಂದೇ ಆಸೆ. ತಮ್ಮ ಪತ್ರವನ್ನು ಓದಿ ಹೇಳಿದಂದಿನಿಂದ ಅವರು ಸರಿಯಾಗಿ ಉಂಡಿಲ್ಲ; ತನ್ನಿಂದಾಗಿ ಅವನನ್ನು ಕತ್ತಲೆಗೆ ಹಾಕುತ್ತಾರೆ ಎಂದು ಅಳುತ್ತಾರೆ. ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ಸಂಕಟವಾಗಿದೆ. ಎಣ್ಣೆ ಬೇಡವೆಂದರೆ ಹಚ್ಚುವುದಿಲ್ಲ, ಮುಟ್ಟಬಾರದೆಂದರೆ ದೂರವೇ ನಿಲ್ಲುತ್ತೇವೆ. ದಯವಿಟ್ಟು ಅವನನ್ನು ಬಿಸಿಲಿರುವಲ್ಲಿ ಬಿಡಿ.

ಒಂದು ಮಧ್ಯಾಹ್ನದ ಮಟ್ಟಿಗೆ ತಮ್ಮ ಅತಿಥಿ, ಇನ್ನು ಮುಂದೆಯೂ ತಮ್ಮ ವಿಶ್ವಾಸಿಯಾಗಿರಲು ಬಯಸುವ,

ತನುಶ್ರೀ

ಮರೆತ ಮಾತು: ತಮ್ಮ ಸಂಘದ ಹೊಸ ಕೈಪಿಡಿ ಇಂದು ಅಂಚೆಯಲ್ಲಿ ಬಂತು. ಮುಖಪುಟದ ಚಿತ್ರ ಬಹಳ ಚೆನ್ನಾಗಿದೆ. ಎಣ್ಣೆ ಹಚ್ಚಿದ ದಿನದ್ದಾದ್ದರಿಂದ ವೀರನ ಮೂಗು, ಮೀಸೆ, ದನಗಳ ಕೋಡು ಎಲ್ಲವೂ ಎದ್ದು ಕಾಣುತ್ತಿವೆ. ಅಡಿಯಲ್ಲಿ ಕರ್ನಲ್ ಸಾಹೇಬರ ಹೆಸರನ್ನು ಪೂರ್ತಿಯಾಗಿ ಅಚ್ಚು ಮಾಡಿದ್ದೀರಿ. ಚಿತ್ರದ ಅಂಚಿನಲ್ಲಿ, ಮಣಿಕಟ್ಟಿನಿಂದ ಮೇಲಕ್ಕೆ ಕತ್ತರಿಸಿಹೋದ, ಹಸಿರು ಬಳೆಯ ಕೈಯೊಂದಿದೆ. ಆ ಕೈಯ ವಂಶಚರಿತ್ರೆ ಬೇಕಾದರೆ ಬರೆದು ತಿಳಿಸಿ. ಅದರ ಒಡತಿ ನಮ್ಮ ಅಡುಗೆಮನೆಯಲ್ಲೇ ಕೂತಿದ್ದಾರೆ.