ಮಾವನ ತಿರುವು

ನಮ್ಮ ಸೋದರಮಾವನಿಗೆ ಇಬ್ಬರು ಹೆಂಡಿರು ಎಂದು ಅತ್ತೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಒಬ್ಬಳು ತಾನು. ಇನ್ನೊಬ್ಬಳು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ತಿರುವು! ಉಂಡು ಕೈ ತೊಳೆದದ್ದೇ ತಡ, ಮಾವ ಹೆಗಲಿಗೆ ವಲ್ಲಿ ಹಾಕಿಕೊಂಡು ಅಲ್ಲಿಗೆ ಹೊರಟುಬಿಡುತ್ತಿದ್ದ.

ಹಾಗಂತ ಅದೇನು ನೋಡಲು ಚೆಂದದ ತಿರುವಲ್ಲ. ಒಂದು ಕಡೆ ಗುಡ್ಡದ ಬಂಡೆ, ಇನ್ನೊಂದು ಕಡೆ ಆಳವಾದ ಹಳ್ಳ, ನಡುವೆ ಇಳಿಜಾರಿನಲ್ಲೇ ಒಮ್ಮೆಲೇ ಹೊರಳುವ ಮಣ್ಣಿನ ರಸ್ತೆ. ಸಿಂಧನೂರಿನ ಸಂತೆ ಮುಗಿಸಿ ಬರುವ ಬಂಡಿಯವರು ಎತ್ತಿಗೆ ದಾರಿ ಗೊತ್ತೆಂದು ಹಗ್ಗ ಬಿಟ್ಟು ಮಲಗಿಬಿಡುತ್ತಿದ್ದರು. ಭಾರ ಹಿಂದಿನಿಂದ ನೂಕಿದರೆ ಎತ್ತಾದರೂ ಏನು ಮಾಡೀತು? ಒಂದು ಸಲ ಜೋಳದ ಬಂಡಿ ಹಳ್ಳಕ್ಕೆ ಉರುಳಿ, ಎತ್ತು ಕಾಲು ಮುರಿದುಕೊಂಡು ಒದ್ದಾಡಿದ್ದನ್ನು ಮಾವ ಕಣ್ಣಾರೆ ಕಂಡ. ಅಂದಿನಿಂದ ಹಿಡಿಯಿತು ನೋಡಿ ಹುಚ್ಚು!

ಮೊದಲು ಲಿಂಗಸುಗೂರಿನ ಕಚೇರಿಗೆ ಹೋದ. ಆಗ ನಿಜಾಮರ ಕಾಲ. ಬರುವಷ್ಟು ಉರ್ದುವಿನಲ್ಲಿ, ಬಾರದ ಕಡೆ ಕೈಸನ್ನೆಯಲ್ಲಿ, ರಸ್ತೆ ಸೀದಾ ಮಾಡಿಸಬೇಕೆಂದು ಕೇಳಿಕೊಂಡ. ಅಲ್ಲಿದ್ದ ಸಾಹೇಬರು ಪಾನ್ ಜಗಿಯುತ್ತ, "ಮದಲ ನೀವು ಗುಡ್ಡ ಸರಸ್ರಿ, ಆಮ್ಯಾಲ ನಾವು ಸೀದಾ ಮಾಡಸ್ತೀವಿ" ಎಂದರಂತೆ. ಊರಿಗೆ ಬಂದವನೇ ಮಾವ ಗುಡ್ಡದ ಸುತ್ತ ಒಂದು ಸುತ್ತು ಹಾಕಿದ. ಸರಿಸುವ ವಿಚಾರವಿತ್ತೋ ಏನೋ, ದೇವರೇ ಬಲ್ಲ!

ಆಮೇಲೆ ಮನೆಗೆ ಬಳಿಯಲೆಂದು ಅತ್ತೆ ನೆನೆಹಾಕಿದ್ದ ಸುಣ್ಣವನ್ನೆಲ್ಲ ಒಯ್ದು ತಿರುವಿನ ಕಲ್ಲುಗಳಿಗೆ ಬಳಿದ. ಕಲ್ಲು ಬೆಳ್ಳಗಾದವು, ಮನೆಯ ಗೋಡೆ ಕರ್ರಗೇ ಉಳಿದವು. ಆದರೆ ಮಲಗಿದವನಿಗೆ ಸುಣ್ಣ ಕಾಣುವುದುಂಟೆ? ಅದಕ್ಕೆ ತಿರುವಿನಲ್ಲಿದ್ದ ಬೇವಿನ ಗಿಡದ ಕೆಳಗೆ ಕುಳಿತು, "ಏಳಲೇ! ಹಳ್ಳ ಬಂತು!" ಎಂದು ಕೂಗತೊಡಗಿದ. ಒಬ್ಬ ಬಂಡಿಯವನು ಬೆಚ್ಚಿಬಿದ್ದು, ಹಗ್ಗವನ್ನು ಅಡ್ಡಾದಿಡ್ಡಿ ಜಗ್ಗಿ ಹಳ್ಳದ ಅಂಚಿಗೇ ಹೋಗಿ ನಿಂತ. ಬಾರುಕೋಲು ಹಿಡಿದೇ ಕೆಳಗಿಳಿದ.

"ಯಾಕ್ ಒದರ್ತೀಯೋ ಮಾರಾಯ? ನಾ ನನ್ನ ಪಾಡಿಗೆ ಸೀದಾ ಹೊಂಟಿದ್ದೆ!"

"ಅದಕ್ಕ ಒದರಿದ್ನೆಪ್ಪಾ. ಸೀದಾ ಹೋದ್ರ ಹಳ್ಳನ ಐತಿ!"

ಮರುದಿನ ಮಾವ ಹೊಸ ಮಾತು ತೆಗೆದ. "ಮನಶ್ಯಾ ಮಲಗಿರ್ತಾನ, ಎಚ್ಚರ ಇರೋದು ಎತ್ತು. ಇನ್ನ ಮ್ಯಾಲ ಎತ್ತಿನ ಕೂಡನ ಮಾತಾಡಬೇಕು." ಅತ್ತೆ ಗಾಬರಿಯಾಗಿ ದೃಷ್ಟಿ ತೆಗೆದಳು. ಮಾವ ಮಾತ್ರ ಹಿತ್ತಲಲ್ಲಿ ದನಕ್ಕೆ ನೀರಿಡುವ ಕಲ್ಲಿನ ದೋಣಿಯನ್ನು ಬಂಡಿಗೆ ಹೇರಿಸುತ್ತಿದ್ದ!

"ನಮ್ಮ ಎತ್ತು ಏನು ನಾವು ಉಣ್ಣೋ ಗಂಗಾಳದಾಗ ಕುಡೀಬೇಕೇನು?" ಎಂದು ಅತ್ತೆ ಕೂಗಿದಳು. ಮಾವ ತಿರುಗಿ ನೋಡಲಿಲ್ಲ. ಇಳಿಜಾರು ಶುರುವಾಗುವ ಮೊದಲೇ, ಬಂಡೆಯ ಮಗ್ಗುಲಿಗೆ ದೋಣಿ ಇಳಿಸಿದ. ಹಳ್ಳದ ಒರತೆಯಿಂದ ದಿನಾ ಕೊಡ ಹೊತ್ತು ತುಂಬತೊಡಗಿದ. ಬಿಸಿಲಲ್ಲಿ ಬಾಯಾರಿದ ಎತ್ತುಗಳು ತಾವಾಗಿಯೇ ಹಳ್ಳ ಬಿಟ್ಟು ಬಂಡೆಯ ಕಡೆ ಸರಿದು ದೋಣಿಗೆ ಬಾಯಿ ಹಾಕುತ್ತಿದ್ದವು. ಬಂಡಿ ನಿಂತ ಧಕ್ಕೆಗೆ ಬಂಡಿಯವನಿಗೆ ಎಚ್ಚರ! ಕಡೆಗೆ ಬುಸುಬುಸು ಹೊಗೆಯುಗುಳುವ ಬಸ್ಸೂ ಅಲ್ಲೇ ನಿಲ್ಲತೊಡಗಿತು. "ಮಾಮು, ಥೋಡಾ ನೀರು" ಎಂದು ಡ್ರೈವರ್ ಕಾದ ಇಂಜಿನ್ನಿಗೆ ಹಾಕಲು ಡಬ್ಬಿ ಹಿಡಿದು ಬಂದರೆ, "ಸಾವಕಾಶ ಕುಡಸೋ, ನೆತ್ತಿಗೆ ಹತ್ತೀತು" ಎನ್ನುತ್ತಿದ್ದ ಮಾವ.

ಈ ಸಂಗತಿಗೆ ಎಲ್ಲರಿಗಿಂತ ಹೆಚ್ಚು ನಕ್ಕವರು ನನ್ನ ಗಂಡ. ಮಾವನ ಮನೆಯಲ್ಲಿ ಬಾಣಂತನ ಮುಗಿಸಿದ್ದ ನನ್ನನ್ನೂ ಕೂಸನ್ನೂ ಲಿಂಗಸುಗೂರಿಗೆ ಕರೆದೊಯ್ಯಲು ಬಂಡಿ ಹೂಡಿಕೊಂಡು ಬಂದಿದ್ದರು. "ಎತ್ತಿಗೆ ಅರವಟ್ಟಿಗಿ ಇಟ್ಟಾನ ನಿಮ್ಮ ಮಾವ! ನಾ ಏನು ಬಂಡ್ಯಾಗ ಮಲಗೋ ಪೈಕಿ ಅಲ್ಲ ಬಿಡು" ಎಂದರು.

ಅತ್ತೆ ಬಡಿಸಿದ ಹೋಳಿಗೆಯೋ, ಮಧ್ಯಾಹ್ನದ ಬಿಸಿಲೋ! ಊರು ದಾಟುವಷ್ಟರಲ್ಲಿ ಕೂಸು ಮಲಗಿತು, ಅದರ ಹಿಂದೆ ನಾನು, ನನ್ನ ಹಿಂದೆ ಅವರು. ಬಂಡಿ ಗಕ್ಕನೆ ನಿಂತಾಗ ಕಣ್ಣುಬಿಟ್ಟೆ. ಎತ್ತುಗಳು ಸೊರಸೊರ ನೀರು ಕುಡಿಯುತ್ತಿದ್ದವು. ಇವರ ಕೈಯಿಂದ ಜಾರಿದ ಹಗ್ಗ ನೆಲದ ಮೇಲೆ ಬಿದ್ದಿತ್ತು. ಎದುರಿಗೇ ಇಳಿಜಾರು, ಅದರ ಆಚೆ ಹಳ್ಳ. ಕೂಸನ್ನು ಎದೆಗೆ ಅವಚಿಕೊಂಡೆ. ಬದುಕಿದೆವಲ್ಲ ಎನ್ನಿಸಿ ಅಳುವೇ ಬಂತು.

ಕೊಡ ಹಿಡಿದು ನಿಂತಿದ್ದ ಮಾವ ಎಲ್ಲವನ್ನೂ ನೋಡಿದ್ದ. ಬಯ್ಯಲಿಲ್ಲ, ನಗಲಿಲ್ಲ. "ಎತ್ತು ಭಾಳ ಶಾಣ್ಯಾ ಅದಾವ್ರಿ ಅಳಿಯಾರ" ಎಂದಷ್ಟೇ ಹೇಳಿ, ಹತ್ತಿರ ಬಂದು ಕೂಸಿನ ಪಾದ ಮುಟ್ಟಿದ. ಕೈ ಒದ್ದೆಯೆಂದು ನೆನಪಾಗಿ ವಲ್ಲಿಯಿಂದ ಆ ಪಾದ ಒರೆಸಿದ.

ನಮ್ಮವರು ಕೆಳಗಿಳಿದು, ಮಾವನ ಕೈಯಿಂದ ಕೊಡ ಇಸಿದುಕೊಂಡರು.

"ಇರ್ಲಿ ಬಿಡ್ರಿ, ನಿಮಗ ಹೊತ್ತಾಕ್ಕತಿ" ಎಂದ ಮಾವ.

"ದೋಣಿ ಬರಿದಾಗೈತ್ರಿ ಮಾವಾರ. ಹಿಂದ ಇನ್ನೊಂದು ಬಂಡಿ ಬರಾಕತ್ತೈತಿ" ಎಂದು ನಮ್ಮವರು ಹಳ್ಳಕ್ಕಿಳಿದರು.