ಕಡಲಹೂವಿನ ಒಳಬಾಡಿಗೆ ಪ್ರಕರಣ

ಶ್ವಾಬಿಯಾ ಸೀಮೆಯ ಕಿರ್ನ್‌ಹೌಜನ್ ಊರಿನ ಗೃಹ ಸಹಕಾರ ಸಂಘದಲ್ಲಿ ಮನುಷ್ಯ ಬದುಕಿದ್ದಾನೆ ಅನ್ನುವುದಕ್ಕೆ ಉಸಿರಾಟ ಸಾಕ್ಷಿಯಲ್ಲ. ಸರದಿಯ ವಾರದಲ್ಲಿ ಮೆಟ್ಟಿಲು ಗುಡಿಸಿ ಒರೆಸಿದನೇ ಅನ್ನುವುದು ಸಾಕ್ಷಿ. ಸರದಿಯ ಹಲಗೆ ಯಾರ ಬಾಗಿಲಿಗೆ ತೂಗುತ್ತದೋ ಅವರು ಗುಡಿಸತಕ್ಕದ್ದು. ಮೆಟ್ಟಿಲು ಕೊಳೆಯಾಗಿರಲೇಬೇಕೆಂಬ ಷರತ್ತೇನೂ ಇಲ್ಲ.

ಲೋರೆ ಶ್ಮೀಡ್ಲೆ ಮದುವೆಯಾಗಿ ಬಂದಂದಿನಿಂದ ಈ ಸಾಕ್ಷಿಯನ್ನು ತಪ್ಪದೆ ಒದಗಿಸಿದವಳು. ಹಾಗಾಗಿ, ಎದುರುಮನೆಯ ಫ್ರೌ ರುಪ್ ಒಂದಿಷ್ಟು ಬೆಣ್ಣೆ ಕೇಳಲು ಬಂದು ನಡುಮನೆಯ ಉಪ್ಪುನೀರಿನ ತೊಟ್ಟಿಯ ಮುಂದೆ ನಿಂತಾಗ ಲೋರೆಗೆ ಅಳುಕೇನೂ ಆಗಲಿಲ್ಲ. ತೊಟ್ಟಿಯೊಳಗೆ ಒಂದು ಕಡಲಹೂವು. ಹೆಸರಿಗೆ ಹೂವು, ನಿಜಕ್ಕೆ ಪ್ರಾಣಿ. ಮೈತುಂಬ ಕುಟುಕುವ ಬೆರಳುಗಳು. ಆ ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಎರಡು ಕೋಡಂಗಿ ಮೀನುಗಳು ಹೊರಳಾಡುತ್ತಿದ್ದವು. ತಂದ ಹೊಸದರಲ್ಲಿ ಅವು ಹೂವನ್ನು ಕಣ್ಣೆತ್ತಿಯೂ ನೋಡದೆ ಪಂಪಿನ ಮೂಲೆ ಹಿಡಿದು ಮುನಿಸಿಕೊಂಡಿದ್ದವು. ಕೊನೆಗೊಂದು ದಿನ ತಾವಾಗಿಯೇ ಒಳಹೊಕ್ಕಾಗ ಲೋರೆ ಅತ್ತೇಬಿಟ್ಟಿದ್ದಳು.

"ಇವು ಇದರೊಳಗೇ ಇರ್ತಾವಾ?" ಫ್ರೌ ರುಪ್ ಕೇಳಿದಳು.

"ಹೂಂ ಕಣ್ರೀ. ಬೇರೆಯವರು ಮುಟ್ಟಿದ್ರೆ ಕುಟುಕತ್ತೆ, ಇವರಿಗೆ ಮಾತ್ರ ಏನೂ ಮಾಡಲ್ಲ."

"ಸುಮ್‌ಸುಮ್ನೆ ಇಟ್ಕೊಂಡಿದೆಯಾ?"

"ಸುಮ್ನೆ ಯಾಕೆ? ನಾನು ಹಾಕೋ ಸೀಗಡೀಲಿ ಒಂದು ಚೂರು ತಂದು ಅದರ ಬಾಯಿಗಿಡ್ತಾವೆ. ಎಷ್ಟು ಮುದ್ದು ಗೊತ್ತಾ!"

"ಯಾವಾಗಿಂದ?"

"ಈಸ್ಟರ್ ಹಬ್ಬದಿಂದ. ಎರಡು ತಿಂಗಳಾಯ್ತು."

ಫ್ರೌ ರುಪ್ ಬೆಣ್ಣೆ ಮರೆತು ಹೊರಟುಹೋದಳು. ಮಾರನೆಯ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಹೆರ್ ಐಸೆಲೆ ಬೂಟು ಕಳಚಿಟ್ಟು ಒಳಬಂದರು.

ಕಾರ್ಯದರ್ಶಿಗಳು ತೊಟ್ಟಿಯನ್ನು ಸುತ್ತಿ ನೋಡಿ, "ಇವರಲ್ಲಿ ಹೆಂಗಸು ಯಾರು?" ಎಂದರು.

"ದೊಡ್ಡದು. ಹುಟ್ಟುವಾಗ ಅದೂ ಗಂಡೇ. ಜವಾಬ್ದಾರಿ ಬಿದ್ದ ಮೇಲೆ ಹೆಣ್ಣಾಯ್ತು."

"ಸಹಜ. ನಮ್ಮ ಆಡಳಿತ ಮಂಡಳಿಯಲ್ಲೂ ಕುರ್ಚಿ ಸಿಕ್ಕವರ ಗುರುತೇ ಸಿಗಲ್ಲ." ಆಮೇಲೆ ಅವರು ವಿಷಯಕ್ಕೆ ಬಂದರು. ಪ್ರಾಣಿ ಸಾಕಲು ಅಡ್ಡಿಯಿಲ್ಲ. ಆದರೆ ಸ್ವತಃ ಇನ್ನೊಬ್ಬರ ಮನೆಯಲ್ಲಿ ಇರುವವರು, ಪ್ರತಿಫಲ ಪಡೆದು, ಆರು ವಾರ ಮೀರಿ ಮತ್ತೊಬ್ಬರನ್ನು ಇರಿಸಿಕೊಂಡರೆ ಅದು ಅಕ್ರಮ ಒಳಬಾಡಿಗೆ. ಮೀನುಗಳು ಈ ಕೂಡಲೆ ಹೂವನ್ನು ತೆರವುಗೊಳಿಸತಕ್ಕದ್ದು. ಸಂಘವು ಮಾನವೀಯ ನೆಲೆಯಲ್ಲಿ ಬದಲಿ ವಸತಿ ಒದಗಿಸುತ್ತದೆ.

ಬದಲಿ ವಸತಿಯೆಂದರೆ ಒಂದು ಮಣ್ಣಿನ ಹೂಕುಂಡ. ಅದನ್ನು ನೀರಿಗಿಳಿಸಿ, ಮೀನುಗಳನ್ನು ಅದರ ಬದಿಗೆ ಅಟ್ಟಿ, ತೊಟ್ಟಿಯ ನಡುವೆ ಗಾಜಿನ ಅಡ್ಡಗೋಡೆ ನಿಲ್ಲಿಸಲಾಯಿತು. ಕಟ್ಟಡದ ಬಾಗಿಲಲ್ಲಿ ಪ್ರಕಟಣೆಯೂ ಬಿತ್ತು: "ನಿವಾಸಿಗಳ ಗಮನಕ್ಕೆ. ಮೂರನೇ ಮಹಡಿಯ ಒತ್ತುವರಿಯನ್ನು ಶಾಂತಿಯುತವಾಗಿ ತೆರವುಗೊಳಿಸಲಾಗಿದೆ. ಕುಟುಕಿನಿಂದ ಗಾಯಗೊಂಡ ಕಾರ್ಯದರ್ಶಿಗಳ ಹೆಬ್ಬೆರಳು ಚೇತರಿಸಿಕೊಳ್ಳುತ್ತಿದೆ."

ಮೀನುಗಳು ಹೂಕುಂಡದ ಕಡೆ ತಿರುಗಿಯೂ ನೋಡಲಿಲ್ಲ. ಗಾಜಿಗೆ ಮೂತಿ ಒತ್ತಿ ನಿಂತವು, ತಿನ್ನುವುದನ್ನೂ ಬಿಟ್ಟವು. ಆಚೆ ಹೂವು ಒದ್ದೆ ಕಾಲುಚೀಲದ ಹಾಗೆ ಮುದುಡಿಕೊಂಡಿತು. ಹೀಗೇ ಬಿಟ್ಟರೆ ಸಾಯುತ್ತವೆ, ಬದುಕಿ ಉಳಿದರೂ ಇನ್ನೊಮ್ಮೆ ಒಳಹೋಗುತ್ತವೋ ಇಲ್ಲವೋ ಎಂದು ಲೋರೆಗೆ ಜೀವ ಹಾರಿಹೋದಂತಾಗಿತ್ತು.

"ಗೋಡೆ ಎತ್ತಿಬಿಡೇ, ಯಾರು ನೋಡ್ತಾರೆ?" ಗಂಡ ಎಗಾನ್ ಪಿಸುಗುಟ್ಟಿದ.

"ಫ್ರೌ ರುಪ್ ಎದುರಿಗಿದ್ದಾಳಲ್ಲ ಮಾರಾಯ! ನೀನು ಸೀನಿದ್ದು ಯಾವ ವಾರ ಅಂತ್ಲೂ ಹೇಳ್ತಾಳೆ ಅವಳು."

ಲೋರೆ ನೆಟ್ಟಗೆ ಹೆರ್ ಐಸೆಲೆಯವರ ಕಚೇರಿಗೆ ನಡೆದಳು. "ಯಾರು ಇನ್ನೊಬ್ಬರನ್ನ ಇಟ್ಕೋಬಹುದು ಸ್ವಾಮಿ?"

"ಮುಖ್ಯ ಬಾಡಿಗೆದಾರರು. ಇಬ್ಬರು ಅವಲಂಬಿತರ ತನಕ. ಅನುಮತಿಯೇ ಬೇಡ."

"ಹಾಗಾದ್ರೆ ಹೂವನ್ನೇ ಮುಖ್ಯ ಬಾಡಿಗೆದಾರ ಮಾಡಿ."

ಅವಳು ಸಿಟ್ಟಿಗೆ ಆಡಿದ ಮಾತದು. ಹೆರ್ ಐಸೆಲೆ ಮಾತ್ರ ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಅರ್ಹತೆಗಳನ್ನು ಒಂದೊಂದಾಗಿ ವಿಚಾರಿಸಿದರು. ಸದಾ ಮನೆಯಲ್ಲೇ ಇರುತ್ತದೆಯೇ? ಇರುತ್ತದೆ. ಸಂಘ ಕಡ್ಡಾಯ ಮಾಡಿದ ಮಧ್ಯಾಹ್ನದ ಮೌನದ ಹೊತ್ತಿನಲ್ಲಿ ಗದ್ದಲ? ಇಲ್ಲವೇ ಇಲ್ಲ. ಭಾನುವಾರ ಬಟ್ಟೆ ಒಣಹಾಕುತ್ತದೆಯೇ? ಇದುವರೆಗೆ ಹಾಕಿದ್ದಿಲ್ಲ. ಕಾರ್ಯದರ್ಶಿಗಳ ಕಣ್ಣು ತೇವವಾಯಿತು.

"ಇಂಥ ಬಾಡಿಗೆದಾರರು ಸಿಗ್ಲಿ ಅಂತ ನನ್ನ ಸರ್ವೀಸೆಲ್ಲ ಕಾದೆ ಫ್ರೌ ಶ್ಮೀಡ್ಲೆ. ಆದ್ರೆ ಒಂದು ಮನೆಗೆ ಒಬ್ಬರೇ ಮುಖ್ಯ ಬಾಡಿಗೆದಾರರು. ಇಬ್ಬರು ಅವಲಂಬಿತರ ಜಾಗ ಮೀನುಗಳಿಗೆ ಹೋಯ್ತು. ನಿಮ್ಮಿಬ್ಬರ ಕಥೆ?"

ಲೋರೆ ಗಾಜಿಗೆ ಒತ್ತಿದ ಆ ಎರಡು ಮೂತಿಗಳನ್ನು ನೆನೆದಳು. "ನಮ್ಮ ಕಥೆ ಏನಾದ್ರೂ ಆಗ್ಲಿ. ಹೂಂ ಅನ್ನಿ."

ಅಂದೇ ಅಡ್ಡಗೋಡೆ ಎತ್ತಲಾಯಿತು. ದೊಡ್ಡ ಮೀನು ಅನುಮಾನಿಸುತ್ತ ಹೂವಿನ ಸುತ್ತ ಸುಳಿಯಿತು, ಬಾಲ ತಾಗಿಸಿತು, ಆಮೇಲೆ ಬೆರಳುಗಳ ನಡುವೆ ನುಗ್ಗಿತು. ಚಿಕ್ಕದೂ ಹಿಂದೆಯೇ ನುಗ್ಗಿತು. ಹೂವು ನಿಧಾನವಾಗಿ ಅರಳಿಕೊಂಡಿತು. ಲೋರೆ ಎಗಾನನ ತೋಳು ಹಿಡಿದು ಬಿಕ್ಕಿದಳು. ಎಗಾನನೂ ಮೂಗು ಒರೆಸಿಕೊಂಡ, ಆದರೆ ನೆಗಡಿ ಅಂದ.

ಸರದಿಯ ಹಲಗೆಯನ್ನು ಈಗ ತೊಟ್ಟಿಗೇ ತೂಗುಹಾಕುತ್ತಾರೆ. ಮುಖ್ಯ ಬಾಡಿಗೆದಾರರಿಗೆ ಕಾಲಿಲ್ಲದ ಕಾರಣ ಶ್ಮೀಡ್ಲೆ ದಂಪತಿ ಸೌಜನ್ಯದಿಂದ ಗುಡಿಸಿಕೊಡುತ್ತಾರೆ. ದಂಪತಿಯನ್ನು ಸಂಘವು ಅತಿಥಿಗಳೆಂದು ಪರಿಗಣಿಸಿದೆ. ಅತಿಥಿಗಳು ಆರು ವಾರಕ್ಕೊಮ್ಮೆ ಒಂದು ರಾತ್ರಿ ಹೊರಗೆ ತಂಗಿ, ಮರಳಿ ಬಂದು, ಗಂಟೆ ಒತ್ತಿ, ಒಪ್ಪಿಗೆ ಪಡೆದು ಒಳಬರಬೇಕು. ಆತಿಥೇಯರು ಸುಮ್ಮನಿದ್ದರೆ ಅದನ್ನೇ ಒಪ್ಪಿಗೆಯೆಂದು ತಿಳಿಯತಕ್ಕದ್ದು.

ಮೊದಲ ಸಲ ಅವರು ಎಗಾನನ ತಂಗಿಯ ಮನೆಯಲ್ಲಿ ಮಲಗಿದ್ದು ಮರುದಿನ ಮಧ್ಯಾಹ್ನ ಹಿಂದಿರುಗಿದರು. ಲೋರೆ ಗಂಟೆ ಒತ್ತಿದಳು. ಒಳಗೆ ಸದ್ದಿಲ್ಲ.

"ಸುಮ್ನಿದೆ. ನಡಿ ಒಳಗೆ," ಎಗಾನ್ ಜೇಬಿನಿಂದ ಕೀಲಿ ತೆಗೆದ.

ಎದುರುಬಾಗಿಲು ಸಂದಿಯಷ್ಟು ತೆರೆಯಿತು. "ಏನ್ರೀ ಇದು, ಮೌನದ ಹೊತ್ತು!" ಫ್ರೌ ರುಪ್ ಪಿಸುದನಿಯಲ್ಲಿ ಗದರಿದಳು. "ಈಗ ಎಲ್ಲರೂ ಸುಮ್ನೇ ಇರ್ತಾರೆ. ಇದು ಒಪ್ಪಿಗೆ ಅಂತ ಹೇಗೆ ಲೆಕ್ಕ?"

ಲೋರೆ ಯೋಚಿಸಿದಳು. ಮಾತು ಸರಿಯೆನ್ನಿಸಿತು. ಗಂಡನ ಕೈಯಿಂದ ಕೀಲಿ ತೆಗೆದುಕೊಂಡು ಚೀಲಕ್ಕೆ ಹಾಕಿ, ತಾನೇ ಒರೆಸಿದ್ದ ಮೆಟ್ಟಿಲ ಮೇಲೆ ಕುಳಿತಳು. ಎಗಾನನೂ ಪಕ್ಕದಲ್ಲಿ ಕುಳಿತ. ಮೌನದ ಹೊತ್ತು ಮುಗಿಯಲಿ, ಆಮೇಲೂ ಹೂವು ಸುಮ್ಮನಿದ್ದರೆ ಒಳಗೆ ಹೋಗೋಣ ಎಂದು ಇಬ್ಬರೂ ಕಾದರು.